ಹುಲ್ಲಿಗೊಂದು ಟಿಕೆಟ್ಟು

ಪ್ರಯೋಗಾಲಯದ ಕಾಗದ ಜನವರಿಯಲ್ಲಿ ಬಂತು.
ಸೀಸ ಇಷ್ಟು, ಕ್ಯಾಡ್ಮಿಯಂ ಇಷ್ಟು,
ಕೆಳಗೆ ಸಮಾಧಾನಕ್ಕೆ ಒಂದು ಸಾಲು:
ಈ ಮಣ್ಣಿನಲ್ಲಿ ಹೂ ಬೆಳೆಯಬಹುದು.

ಅಪ್ಪ ಮೂವತ್ತೊಂದು ವರ್ಷ
ಸತುವಿನ ಕುಲುಮೆಗೆ ಬೆನ್ನು ಕಾಯಿಸಿಕೊಂಡವನು.
ಚಿಮಣಿ ಕೆಡವಿ ಎಷ್ಟೋ ಕಾಲವಾಯಿತು.
ಹೊಗೆ ಮಾತ್ರ ಎಲ್ಲಿಗೂ ಹೋಗಿಲ್ಲ,
ನನ್ನ ಕ್ಯಾರೆಟ್ಟಿನ ಪಾತಿಯಲ್ಲಿ ಗೇಣುದ್ದ ಕೆಳಗೆ ಕೂತಿದೆ.

ಅದಕ್ಕೇ ಹುಲ್ಲು.
ಮೇವಲ್ಲ. ಮೇವಿನಲ್ಲಿ ಬೀಜವಿರುತ್ತದೆ, ಆಸೆಯಿರುತ್ತದೆ.
ನನಗೆ ಬೇಕಾದದ್ದು ಕಾಳೆಲ್ಲ ಕೊಟ್ಟು ಟೊಳ್ಳಾದ
ಗೋಧಿಯ ಒಣಹುಲ್ಲು.

ಓಪೋಲೆ ಕಡೆಯ ರೈತ ಸ್ಲಾವೊಮಿರ್‌ನ ಅಂಗಳದಲ್ಲಿ ನಿಂತು ಕೇಳಿದೆ:
"ಕಳೆಗೆ ಏನು ಹೊಡೆದಿದ್ದೀಯ?"
ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
"ಹಿಡಿ ಹುಲ್ಲು ಒಯ್ದು ನೆನೆಸಿ, ಅದರಲ್ಲಿ ಬೀನ್ಸ್ ಬಿತ್ತು.
ಎಲೆ ಮುರುಟಿದರೆ ಮತ್ತೆ ಬರಬೇಡ."
ಮೂರು ವಾರ ಕಿಟಕಿಯಲ್ಲಿ ಮೊಸರಿನ ಡಬ್ಬಿಗಳು.
ಎಲೆಗಳು ಅಂಗೈಯ ಹಾಗೆ ಬಿಚ್ಚಿಕೊಂಡವು.
ಇಷ್ಟು ನೇರವಾದ ಉತ್ತರ
ಯಾವ ಕಚೇರಿಯಿಂದಲೂ ನನಗೆ ಸಿಕ್ಕಿರಲಿಲ್ಲ.

ಏಳು ಪೆಂಡಿ ಅವನ ಟ್ರೇಲರಿನಲ್ಲಿ ಬಂದವು.
ಎಂಟನೆಯದನ್ನು, ಲೆಕ್ಕ ತಪ್ಪಿದ್ದಕ್ಕೆ,
ಮಾರನೆಯ ವಾರ ರೈಲು ನಿಲ್ದಾಣದ ಬಾಗಿಲಲ್ಲಿ ಇಳಿಸಿ ಹೋದ.
ಇಪ್ಪತ್ತಾರು ವರ್ಷ ನಾನೇ ಓಡಿಸಿದ ಟ್ರ್ಯಾಮು.
ಹುಲ್ಲನ್ನು ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡೆ,
ಎರಡು ಟಿಕೆಟ್ಟು ಪಂಚ್ ಮಾಡಿದೆ.
ಒಬ್ಬ ಹುಡುಗ ಉದ್ದಕ್ಕೂ ಒಂದೊಂದೇ ಕಡ್ಡಿ ಎಳೆದು
ತಾಯಿಯ ಕೂದಲಿಗೆ ಸಿಕ್ಕಿಸಿದ.
ಅವಳು ಫೋನಿನಲ್ಲಿದ್ದಳು.

ನೆಲಕ್ಕೆ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಪೆಂಡಿ.
ಕತ್ತರಿಸಿದ ತುದಿ ಆಕಾಶಕ್ಕೆ, ಹುರಿ ಪಕ್ಕಕ್ಕೆ.
ಬೇಲಿಯಾಚೆಯಿಂದ ಎವಾಲ್ಡ್: "ದನ ಯಾವಾಗ ಬರುತ್ತೆ?"
ಅವನು ಈ ನೆಲದ ಬೀಟ್‌ರೂಟನ್ನೇ ನಲವತ್ತು ವರ್ಷ ತಿಂದವನು.
ನನಗೇನಾಗಿದೆ ನೋಡು, ಎನ್ನುತ್ತಾನೆ,
ಎನ್ನುವಾಗ ಕೈ ನಡುಗುತ್ತದೆ,
ವಯಸ್ಸಿನದೂ ಇರಬಹುದು.

ನೀರು, ಯೂರಿಯಾ, ಮತ್ತೆ ನೀರು.
ಐದನೆಯ ದಿನ ಹುಲ್ಲಿಗೆ ಜ್ವರ ಬಂತು.
ಮಾಂಸಕ್ಕೆ ಚುಚ್ಚುವ ಥರ್ಮಾಮೀಟರು ಚುಚ್ಚಿದೆ: ಐವತ್ತೆಂಟು.
ರಾತ್ರಿ ಟಾರ್ಚ್ ಹಿಡಿದು ಹೋಗಿ
ಒಂದೊಂದರ ಮೈಮೇಲೂ ಅಂಗೈ ಇಟ್ಟೆ.
ಹೀಗೆ ಇನ್ನೊಮ್ಮೆ ಮಾತ್ರ ಇಟ್ಟಿದ್ದು, ತಂಗಿ ರೋಸ್ವಿತಾಳ ಹಣೆಗೆ,
ಶಾಲೆಯಲ್ಲಿ ಎಲ್ಲರ ರಕ್ತ ತೆಗೆದ ವರ್ಷ,
ಅವಳನ್ನು ಸಮುದ್ರದ ಕಡೆಯ ಆರೋಗ್ಯಧಾಮಕ್ಕೆ ಕಳಿಸುವ ಹಿಂದಿನ ರಾತ್ರಿ.
ಯಾಕೆಂದು ಯಾರೂ ಜೋರಾಗಿ ಹೇಳಲಿಲ್ಲ.
ಅಮ್ಮ ಮಾತ್ರ ಈರುಳ್ಳಿ ಸೊಪ್ಪು ಹೆಚ್ಚುವುದು ನಿಲ್ಲಿಸಿದಳು.

ಹನ್ನೆರಡನೆಯ ದಿನ ಜ್ವರ ಇಳಿಯಿತು.
ಬೆಳಿಗ್ಗೆ ಎದ್ದ ಅಣಬೆಗಳು ಮಧ್ಯಾಹ್ನಕ್ಕೆ ಮಸಿಯಾಗಿ ಕರಗಿದವು.
ಉಳಿದಿದ್ದ ಕಾಳು ಮೊಳೆತು ಪೆಂಡಿಗಳಿಗೆ ಗಡ್ಡ;
ಹೊಲಿಗೆ ಕತ್ತರಿಯಲ್ಲಿ ಬೋಳಿಸಿದೆ.
ಆಮೇಲೆ ಟೊಮೇಟೊ, ಸೌತೆ,
ಮೂಲೆಯ ಪೆಂಡಿಗೆ ಈರುಳ್ಳಿ, ಸೊಪ್ಪಿಗೆಂದೇ.

ಹುಲ್ಲಿಗೂ ಕಡೆ ಎನ್ನುತ್ತಾರಲ್ಲ,
ಅವರು ಆಗಸ್ಟಿನಲ್ಲಿ ಬಂದು ನೋಡಬೇಕಿತ್ತು.

ಅಕ್ಟೋಬರಿನಲ್ಲಿ ಪೆಂಡಿಗಳು ಮೊಣಕಾಲೂರಿ ಕುಸಿದವು,
ಒಳಗೆಲ್ಲ ಕಪ್ಪು, ಕೈಗೆ ಮೆತ್ತಗೆ.
ಬಟ್ಟೆ ಎತ್ತಿ ನೋಡಿದೆ.
ಏಳರ ಅಡಿ ಏನೂ ಇಲ್ಲ.
ಟ್ರ್ಯಾಮಿನಲ್ಲಿ ಬಂದದ್ದರ ಅಡಿ ಒಂದೇ ಒಂದು ಬಿಳಿ ಬೇರು,
ದಾರದಷ್ಟು ಸಣ್ಣದು,
ನೇಯ್ಗೆಯ ಸಂದಿನಲ್ಲಿ ತೂರಿ ನೆಲಕ್ಕಿಳಿದಿತ್ತು.
ಅದಕ್ಕೆ ಕಾಗದ ಓದಿ ಹೇಳಿದವರು ಯಾರು?

ಸ್ಲಾವೊಮಿರ್‌ಗೆ ಫೋನ್ ಮಾಡಿದೆ, ಬರುವ ವರ್ಷಕ್ಕೆ ಹನ್ನೆರಡು.
ಎವಾಲ್ಡ್‌ಗೂ ನಾಲ್ಕು ಬೇಕಂತೆ.
ದನಕ್ಕಂತೆ.

ಆ ಗಿಡದ ಕೊನೆಯ ಹಣ್ಣು ಎರಡು ಹೋಳು ಮಾಡಿದ್ದೇನೆ.
ಒಂದು ಜಾಡಿಯಲ್ಲಿ, ಹೆಸರು ತಾರೀಖು ಬರೆದು,
ಪ್ರಯೋಗಾಲಯಕ್ಕೆ.
ಇನ್ನೊಂದು ತಟ್ಟೆಯಲ್ಲಿದೆ.
ಉಪ್ಪು ಹಾಕಿ ಆಗಿದೆ.